‘ಹಾರಿದಳು’ ಎಂಬ ಕ್ರಿಯಾಪದ

‘ಬಾವಿಗೆ ಹಾರಿದ’, ‘ಬಾವಿಗೆ ಹಾರಿದಳು’ ಎಂಬ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಮೊದಲನೆಯದರಲ್ಲಿ ಬೇಸಿಗೆ ರಜೆಯಿದೆ, ತೋಟದ ಬಾವಿಯಿದೆ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡ ಹುಡುಗರ ಗದ್ದಲವಿದೆ. ಎರಡನೆಯದನ್ನು ಓದಿದ ಕೂಡಲೇ ಮನಸ್ಸಿಗೆ ಬರುವುದು ಹಗ್ಗ, ಪಾತಾಳಗರಡಿ, ಪಂಚನಾಮೆ, ತವರಿನವರ ಗೋಳು. ಎರಡರ ನಡುವೆ ಬದಲಾಗಿರುವುದು ಒಂದು ಪ್ರತ್ಯಯ ಮಾತ್ರ. ಕ್ರಿಯೆ ಅದೇ, ನೀರು ಅದೇ. ಆದರೂ ಅವನು ಮೇಲೆ ಬರುತ್ತಾನೆ, ಅವಳು ಬರುವುದಿಲ್ಲ. ‘ಕೆರೆಯೋ ಬಾವಿಯೋ ನೋಡಿಕೊಳ್ತೀನಿ’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಯಾರು ಯಾವಾಗ ಆಡುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲವು ತಿಂಗಳಿಂದ ನಾನು ಸ್ಪ್ರಿಂಗ್‌ಬೋರ್ಡ್ ಡೈವಿಂಗಿನ ಮೊದಲ ತಲೆಮಾರಿನ ಹೆಂಗಸರ ಬಗ್ಗೆ ಓದುತ್ತಿದ್ದೇನೆ. 1912ರಿಂದ 1948ರವರೆಗಿನ ಒಲಿಂಪಿಕ್ ಸ್ಪರ್ಧೆಗಳು, ಅವುಗಳ ಅಂಕಪಟ್ಟಿ, ಆ ಕಾಲದ ಚಿತ್ರಗಳು, ಸ್ಪರ್ಧಿಗಳು ಮುದುಕಿಯರಾದ ಮೇಲೆ ಹೇಳಿದ ನೆನಪುಗಳು. ಇವನ್ನು ಕನ್ನಡದಲ್ಲಿ ಬರೆಯಲು ಕೂತಾಗಲೆಲ್ಲ ಈ ಕ್ರಿಯಾಪದ ಅಡ್ಡ ಬರುತ್ತದೆ. ‘ಹದಿನಾಲ್ಕು ವರ್ಷದ ಹುಡುಗಿ ಹಲಗೆಯ ಮೇಲಿಂದ ನೀರಿಗೆ ಹಾರಿದಳು’ ಎಂದು ಬರೆದರೆ, ಚಿನ್ನದ ಪದಕ ಗೆದ್ದವಳ ಸುತ್ತ ಒಂದು ಸಾವಿನ ವಾಸನೆ ಅಡರುತ್ತದೆ. ‘ಧುಮುಕಿದಳು’ ಎಂದರೂ ಅಷ್ಟೇ. ‘ಡೈವ್ ಹೊಡೆದಳು’ ಎಂದರೆ ಈಜುಕೊಳದ ಹುಡುಗರ ಭಾಷೆ. ಸದ್ಯಕ್ಕೆ ಅದೇ ವಾಸಿ.

ಹೆಣ್ಣು ಮತ್ತು ನೀರು ಒಟ್ಟಿಗೆ ಬರುವ ಕಡೆಯಲ್ಲೆಲ್ಲ ನಮ್ಮ ಸಾಹಿತ್ಯಕ್ಕೆ ಎರಡು ದಾರಿಗಳು ಚೆನ್ನಾಗಿ ಗೊತ್ತು. ಒಂದು ಜಲಕ್ರೀಡೆ. ಮಹಾಕಾವ್ಯದಲ್ಲಿ ಇರಲೇಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದು. ಅಲ್ಲಿ ಹೆಂಗಸರು ನೀರಿಗೆ ಇಳಿಯುತ್ತಾರೆ, ಎರಚಾಡುತ್ತಾರೆ, ನೋಡುವ ಕಣ್ಣೊಂದು ದಡದಲ್ಲಿ ಕೂತಿರುತ್ತದೆ. ಕೊಳದ ತಾವರೆಗೆ ಏನು ಕೆಲಸವೋ ಅವರಿಗೂ ಅದೇ ಕೆಲಸ. ಇನ್ನೊಂದು ದಾರಿ ‘ಕೆರೆಗೆ ಹಾರ’. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಟ್ಟರು. ಶಾಲೆಯಲ್ಲಿ ಎಲ್ಲರೂ ಓದಿದ ಕಥನಗೀತೆ. ಅದನ್ನು ಮತ್ತೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಭಾಗೀರಥಿ ಎಲ್ಲೂ ಹಾರುವುದಿಲ್ಲ. ಅವಳು ಮೆಟ್ಟಿಲು ಹತ್ತಿ ಬರುತ್ತಾಳೆ, ನೀರು ಅವಳ ಪಾದದಿಂದ ಶುರುವಾಗಿ ಮೇಲೇರುತ್ತದೆ. ಕೊನೆಯಲ್ಲಿ ಸುದ್ದಿ ತಿಳಿದು ಬಂದು ಕೆರೆಗೆ ಹಾರುವವನು ಅವಳ ಗಂಡ. ಶೀರ್ಷಿಕೆಯಲ್ಲಿರುವ ‘ಹಾರ’ ಬೇರೆ ಪದ ಎಂಬುದು ನಿಜ. ಆದರೂ ಕ್ರಿಯಾಪದವನ್ನು ಯಾರಿಗೆ ಕೊಟ್ಟಿದೆ ಎಂಬುದನ್ನು ಗಮನಿಸಬೇಕು. ಹೆಣ್ಣಿಗೆ ನೀರು ಆಗುತ್ತದೆ, ಗಂಡು ನೀರಿಗೆ ಏನನ್ನಾದರೂ ಮಾಡುತ್ತಾನೆ.

ನೋಟದ ವಸ್ತು, ಇಲ್ಲವೇ ಬಲಿ. ಈ ಎರಡರ ನಡುವೆ, ದಿನಕ್ಕೆ ನೂರು ಸಲ ಏಣಿ ಹತ್ತಿ ಇಳಿದು ಒಂದು ಕಸುಬನ್ನು ಕಲಿತ ಹೆಂಗಸಿಗೆ ಜಾಗವೆಲ್ಲಿ? ಇದು ಕನ್ನಡದ ಒಂದರದೇ ಕೊರತೆ ಎಂದು ನಾನು ಭಾವಿಸಿಲ್ಲ. ಯುರೋಪಿನಲ್ಲೂ ಅಮೆರಿಕದಲ್ಲೂ ಆ ಹೆಂಗಸರನ್ನು ಇದೇ ಎರಡು ಗೂಟಗಳ ನಡುವೆ ಕಟ್ಟಿಹಾಕಲು ನೋಡಿದರು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮೊದಲ ಬಾರಿ ಡೈವಿಂಗ್ ಸ್ಪರ್ಧೆ ನಡೆಯಿತು. ಅದು ಎತ್ತರದ ಪ್ಲಾಟ್‌ಫಾರ್ಮಿನಿಂದ ಮಾಡುವ ಸಾದಾ ಡೈವ್. ಗೆದ್ದವಳು ಹದಿನೇಳರ ಹುಡುಗಿ, ಸ್ವೀಡನ್ನಿನ ಗ್ರೇಟಾ ಯೋಹಾನ್ಸನ್. ಅದೇ ವರ್ಷ ಆಧುನಿಕ ಒಲಿಂಪಿಕ್ಸ್‌ನ ಸ್ಥಾಪಕ ಪಿಯರ್ ದ ಕೂಬರ್ತಾಂ ಹೆಂಗಸರ ಒಲಿಂಪಿಕ್ಸ್ ಎಂಬ ಕಲ್ಪನೆಯನ್ನೇ ತಳ್ಳಿಹಾಕಿ ಬರೆದ. ಅದು ಕಾರ್ಯಸಾಧ್ಯವಲ್ಲ, ನೋಡಲು ಸ್ವಾರಸ್ಯವಿಲ್ಲ, ಸುಂದರವಲ್ಲ, ಸಭ್ಯವೂ ಅಲ್ಲ ಎಂಬುದು ಅವನ ತಕರಾರಿನ ಸಾರ. ಈ ನಾಲ್ಕರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೂರನೆಯದು. ಸಭ್ಯತೆಯ ಮಾತನ್ನು ಯಾವ ಊರಿನ ಹಿರಿಯರಾದರೂ ಆಡುತ್ತಾರೆ. ‘ಸುಂದರವಲ್ಲ’ ಎಂಬುದು ಮಾತ್ರ ವಿಮರ್ಶಕನ ಮಾತು. ಒಂದು ಕೃತಿಯನ್ನು ನೋಡುವ ಮೊದಲೇ ಅದಕ್ಕೆ ಅಂಕ ಹಾಕಿ ಮುಗಿಸಿದ ವಿಮರ್ಶಕನ ಮಾತು.

ಅಮೆರಿಕದಿಂದ ಸ್ಟಾಕ್‌ಹೋಮಿಗೆ ಒಬ್ಬ ಹೆಂಗಸೂ ಹೋಗಲಿಲ್ಲ. ಅಲ್ಲಿನ ಕ್ರೀಡೆಯ ಚುಕ್ಕಾಣಿ ಹಿಡಿದಿದ್ದ ಜೇಮ್ಸ್ ಸಲಿವನ್‌ಗೆ ಹೆಂಗಸರು ಈಜುಡುಗೆಯಲ್ಲಿ ಜನರೆದುರು ಬರುವುದು ಒಪ್ಪಿಗೆಯಿರಲಿಲ್ಲ. ಅವನು 1914ರಲ್ಲಿ ತೀರಿಕೊಂಡ ಮೇಲೆ ಬಾಗಿಲು ತೆರೆಯಿತು. 1917ರಲ್ಲಿ ಷಾರ್ಲಟ್ ಎಪ್‌ಸ್ಟೀನ್ ಎಂಬಾಕೆ ನ್ಯೂಯಾರ್ಕಿನಲ್ಲಿ ಹೆಂಗಸರದೇ ಒಂದು ಈಜು ಸಂಘ ಕಟ್ಟಿದಳು. ಅದರ ಸದಸ್ಯೆ ಎಥೆಲ್ಡಾ ಬ್ಲೈಬ್‌ಟ್ರಿಯನ್ನು 1919ರಲ್ಲಿ ಪೊಲೀಸರು ಹಿಡಿದರು. ಅಪರಾಧ ಏನೆಂದರೆ, ಕಡಲತೀರದಲ್ಲಿ ಈಜುವ ಮೊದಲು ಕಾಲುಚೀಲ ಬಿಚ್ಚಿದ್ದು. ಮರುವರ್ಷ ಅದೇ ಬರಿಗಾಲಿನಲ್ಲಿ ಆಕೆ ಮೂರು ಒಲಿಂಪಿಕ್ ಚಿನ್ನ ಗೆದ್ದಳು.

ಆ ಮರುವರ್ಷವೇ ನನ್ನ ಕುತೂಹಲದ ಕೇಂದ್ರ. 1920, ಆಂಟ್‌ವರ್ಪ್. ಹೆಂಗಸರ ಸ್ಪ್ರಿಂಗ್‌ಬೋರ್ಡ್ ಒಲಿಂಪಿಕ್ಸ್‌ಗೆ ಸೇರಿದ್ದು ಆಗ. ಗಂಡಸರಿಗೆ ಅದು 1908ರಿಂದಲೇ ಇತ್ತು. ಎಪ್‌ಸ್ಟೀನಳ ಸಂಘದಿಂದ ಆಯ್ಕೆಯಾದವರಲ್ಲಿ ಇಬ್ಬರು ಹದಿನಾಲ್ಕರ ಹುಡುಗಿಯರು, ಐಲೀನ್ ರಿಗಿನ್ ಮತ್ತು ಹೆಲೆನ್ ವೇನ್‌ರೈಟ್. ಮಕ್ಕಳನ್ನು ಕರೆದೊಯ್ಯುವುದಿಲ್ಲ ಎಂದು ಅಧಿಕಾರಿಗಳು ಹಟ ಹಿಡಿದರು, ಸಂಘದ ಹೆಂಗಸರು ಜಗಳವಾಡಿ ಹಡಗು ಹತ್ತಿಸಿದರು. ಆ ಹಡಗಾದರೂ ಎಂಥದ್ದು! ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಶವಪೆಟ್ಟಿಗೆಗಳನ್ನು ಆಗತಾನೇ ಇಳಿಸಿ ಬಂದಿದ್ದ ‘ಪ್ರಿನ್ಸೆಸ್ ಮಟೋಯ್ಕಾ’. ಅದರ ದುರ್ವಾಸನೆ, ಇಲಿ, ಊಟಗಳ ಬಗ್ಗೆ ಕ್ರೀಡಾಪಟುಗಳು ದಂಗೆಯೆದ್ದದ್ದು ಬೇರೆಯೇ ಕತೆ. ಈಜುವವರಿಗೆ ಡೆಕ್ಕಿನ ಮೇಲೆ ಕ್ಯಾನ್ವಾಸಿನ ಒಂದು ತೊಟ್ಟಿ ಕಟ್ಟಿಕೊಟ್ಟಿದ್ದರು. ಡೈವ್ ಮಾಡುವವರಿಗೆ ಆ ತೊಟ್ಟಿಯಿಂದ ಏನು ಪ್ರಯೋಜನ? ಸುಮಾರು ಎರಡು ವಾರ ಅವರು ಹಲಗೆಯನ್ನೇ ಮುಟ್ಟದೆ ಕಳೆದರು.

ಸ್ಪರ್ಧೆಯ ಫಲಿತಾಂಶ ಹೀಗಿದೆ. ರಿಗಿನ್ ಮೊದಲನೆಯವಳು, ವೇನ್‌ರೈಟ್ ಎರಡನೆಯವಳು, ಪೋರ್ಟ್‌ಲ್ಯಾಂಡಿನ ಥೆಲ್ಮಾ ಪೇನ್ ಮೂರನೆಯವಳು. ಎರಡು ಮತ್ತು ಮೂರರ ನಡುವಿನ ಅಂತರ ಒಂದು ಅಂಕಕ್ಕಿಂತ ಕಡಿಮೆ. ನಾಲ್ಕನೆಯವಳು ಇನ್ನೊಬ್ಬ ಐಲೀನ್, ಮೂವತ್ತು ದಾಟಿದ್ದ ಐಲೀನ್ ಆ್ಯಲನ್. ಐದನೆಯವಳು ಇಲ್ಲ. ನಾಲ್ವರೇ ಸ್ಪರ್ಧಿಗಳು, ನಾಲ್ವರೂ ಅಮೆರಿಕದವರು. ಹೆಂಗಸರ ಸ್ಪ್ರಿಂಗ್‌ಬೋರ್ಡಿನ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ ಎಂದು ಇತಿಹಾಸ ಹೇಳುವ ಘಟನೆ, ಒಂದೇ ದೇಶದ ನಾಲ್ವರು ಹೆಂಗಸರು ಬೆಲ್ಜಿಯಮ್ಮಿನ ನೀರಿನಲ್ಲಿ ಪರಸ್ಪರ ಸೆಣಸಿದ್ದು.

ಇದನ್ನು ಓದಿದ ಗೆಳೆಯರೊಬ್ಬರು ‘ಹಾಗಾದರೆ ಅದು ದೊಡ್ಡ ಗೆಲುವೇನಲ್ಲ ಬಿಡಿ’ ಎಂದರು. ಈ ತೀರ್ಮಾನವನ್ನು ನಾನು ಒಪ್ಪಲಾರೆ. ಮೈದಾನ ಖಾಲಿಯಿದ್ದದ್ದು ಯಾಕೆ ಎಂದು ಕೇಳಬೇಕು. ಯುರೋಪಿನಲ್ಲಿ ಆಗ ಹೆಂಗಸರು ಡೈವ್ ಮಾಡುತ್ತಲೇ ಇದ್ದರು. ಆಂಟ್‌ವರ್ಪಿನಲ್ಲೇ ಎತ್ತರದ ಸಾದಾ ಡೈವ್ ಗೆದ್ದವಳು ಡೆನ್ಮಾರ್ಕಿನ ಸ್ಟೆಫಾನಿ ಫ್ರೂಲಾಂಡ್ ಕ್ಲಾಸೆನ್, ಅದರಲ್ಲಿ ರಿಗಿನ್‌ಗೆ ಐದನೇ ಸ್ಥಾನ. ಹಾಗಾಗಿ ಧೈರ್ಯದ ಕೊರತೆ ಅಲ್ಲ ಅದು. ಕೊರತೆ ಇದ್ದದ್ದು ಹಲಗೆಯದು, ಹಲಗೆಯ ಮೇಲೆ ನಿಲ್ಲಲು ಬಿಡುವ ಸಂಘಗಳದು, ಪಲ್ಟಿ ಹೊಡೆಯುವುದನ್ನು ಹುಡುಗಿಯರಿಗೂ ಕಲಿಸುವ ಗುರುಗಳದು.

ಇಲ್ಲಿ ಎರಡು ಸ್ಪರ್ಧೆಗಳ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ಸಾದಾ ಡೈವ್‌ನಲ್ಲಿ ಪಲ್ಟಿಯಿಲ್ಲ, ತಿರುಚಿಲ್ಲ. ದೇಹವನ್ನು ನೆಟ್ಟಗೆ ಹಿಡಿದು ನೀರಿಗೆ ಇಳಿಸಬೇಕು. ಎಲ್ಲರೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವುದರಿಂದ ತೀರ್ಪುಗಾರರು ನೋಡುವುದು ಎಷ್ಟು ಚಂದವಾಗಿ ಮಾಡಿದಳು ಎಂಬುದನ್ನಷ್ಟೇ. ಗಂಡಸರಿಗೆ ಎತ್ತರದಿಂದ ಕಸರತ್ತಿನ ಡೈವ್ ಮಾಡುವ ಅವಕಾಶ ಇದ್ದ ಕಾಲದಲ್ಲಿ ಹೆಂಗಸರಿಗೆ 1924ರವರೆಗೂ ಆ ಎತ್ತರದಿಂದ ಸಾದಾ ಡೈವ್ ಮಾತ್ರ. ಸ್ಪ್ರಿಂಗ್‌ಬೋರ್ಡಿನ ಲೆಕ್ಕವೇ ಬೇರೆ. ಅಲ್ಲಿ ಪ್ರತಿ ಡೈವ್‌ಗೂ ಒಂದು ಕಷ್ಟದ ಪ್ರಮಾಣ ಗೊತ್ತುಮಾಡಿರುತ್ತಾರೆ. ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಕೊಟ್ಟ ಅಂಕವನ್ನು ಅದರಿಂದ ಗುಣಿಸುತ್ತಾರೆ. ಸುಲಭದ್ದನ್ನು ಸೊಗಸಾಗಿ ಮಾಡಿದವಳಿಗಿಂತ ಕಷ್ಟದ್ದನ್ನು ತುಸು ಒರಟಾಗಿ ಮಾಡಿದವಳು ಮುಂದೆ ಹೋಗಬಹುದು. ಆಂಟ್‌ವರ್ಪಿನ ಹಲಗೆಯ ಮೇಲೆ, ಒಲಿಂಪಿಕ್ಸ್‌ನ ಮಟ್ಟಿಗೆ ಮೊದಲ ಬಾರಿ, ಹೆಂಗಸಿನ ದೇಹ ಗಾಳಿಯಲ್ಲಿ ಮಾಡಿದ್ದನ್ನು ಕಷ್ಟದ ಲೆಕ್ಕದಲ್ಲಿ ಎಣಿಸಿದರು. ಚಂದದಿಂದ ಗುಣಿಸಿದ ಕಷ್ಟ. ಕೂಬರ್ತಾಂನ ‘ಸುಂದರವಲ್ಲ’ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಅಂಕಗಣಿತದಲ್ಲಿ ಸಿಗಲಿಕ್ಕಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಈ ಗುಣಾಕಾರವನ್ನು ಒಂದು ಗಳಿಗೆ ಮನಸ್ಸಿನಲ್ಲಿಟ್ಟುಕೊಳ್ಳಲಿ. ಹೆಂಗಸರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗಿಟ್ಟ ಕಾಲವೊಂದಿತ್ತು. ಈಗ ಹಾಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈಗಿನ ಪದಗಳು ಮೃದು: ಆಪ್ತ, ಸಹಜ, ಲಲಿತ, ಹೃದ್ಯ. ಇವೆಲ್ಲ ಮೆಚ್ಚುಗೆಯ ಮಾತುಗಳೇ. ಆದರೆ ಇವೆಲ್ಲ ಸಾದಾ ಡೈವಿನ ಅಂಕಗಳು. ಬರೆದವಳು ಯಾವ ಕಷ್ಟದ ರಚನೆಯನ್ನು ಕೈಗೆತ್ತಿಕೊಂಡಳು, ಎಲ್ಲಿ ಪಲ್ಟಿ ಹೊಡೆದಳು, ಎಲ್ಲಿ ತಪ್ಪುವ ಅಪಾಯವಿತ್ತು ಎಂಬ ಗುಣಕವನ್ನು ಕೈಬಿಟ್ಟು ಕೊಟ್ಟ ಅಂಕಗಳು. ‘ಸಹಜ’ ಎಂಬುದಂತೂ ನನಗೆ ತೀರಾ ಸಂಶಯದ ಪದ. ಮೂರು ಮೀಟರ್ ಎತ್ತರದ ಹಲಗೆಯಿಂದ ತಲೆಕೆಳಗಾಗಿ ನೀರಿಗೆ ಬೀಳುವುದರಲ್ಲಿ ಸಹಜವಾದದ್ದು ಏನೂ ಇಲ್ಲ. ಸಹಜವಾದದ್ದು ಕೈಕಾಲು ಬಡಿಯುವುದು. ಅದನ್ನು ಮಾಡದಿರಲು ಕಲಿಯುವುದಕ್ಕೆ ವರ್ಷಗಳು ಬೇಕು.

ಹಲಗೆಯ ಬಗ್ಗೆಯೂ ಒಂದು ಮಾತು. ಈಗಿನ ಅಲ್ಯೂಮಿನಿಯಂ ಬೋರ್ಡುಗಳು ಎರಡನೇ ಮಹಾಯುದ್ಧದ ನಂತರ ಬಂದವು. ಇಪ್ಪತ್ತರ ದಶಕದ್ದು ಮರದ ಹಲಗೆ, ಕಾಲು ಜಾರದಿರಲು ಮೇಲೆ ತೆಂಗಿನ ನಾರಿನ ಚಾಪೆ ಸುತ್ತಿರುತ್ತಿದ್ದರು. (ನಾರಿನ ಚಾಪೆಯ ಮೇಲೆ ಬರಿಗಾಲಿನಲ್ಲಿ ಓಡಿದವರಿಗೆ ಅಂಗಾಲಿನ ಪಾಡು ಗೊತ್ತು.) ಆ ಹಲಗೆ ಎಷ್ಟು ಬಾಗುತ್ತದೆ, ಎಷ್ಟು ಎತ್ತರಕ್ಕೆ ಎಸೆಯುತ್ತದೆ ಎಂಬುದು ಊರಿಂದ ಊರಿಗೆ ಬೇರೆ. ಅದನ್ನು ಸುಧಾರಿಸಿದ ಹೆಸರು ಎರ್ನ್‌ಸ್ಟ್ ಬ್ರಾಂಡ್‌ಸ್ಟೆನ್‌ದು, ಸ್ವೀಡನ್ನಿಂದ ಬಂದು ಸ್ಟ್ಯಾನ್‌ಫರ್ಡಿನಲ್ಲಿ ತರಬೇತಿ ಕೊಡುತ್ತಿದ್ದವನು. ಅವನ ಹೆಂಡತಿ ಯಾರು ಗೊತ್ತೇ? 1912ರಲ್ಲಿ ಮೊದಲ ಚಿನ್ನ ಗೆದ್ದ ಅದೇ ಗ್ರೇಟಾ ಯೋಹಾನ್ಸನ್. ಹಲಗೆಯ ಚರಿತ್ರೆಯಲ್ಲಿ ಗಂಡನ ಹೆಸರಿದೆ. ಹೆಂಡತಿ ಪದಕಪಟ್ಟಿಯ ಒಂದು ಸಾಲಿನಲ್ಲಿದ್ದಾಳೆ.

ಇನ್ನು ಈ ಕ್ರೀಡೆಯ ಬಗ್ಗೆ ಮಾಡಿದ ಅತ್ಯಂತ ಪ್ರಸಿದ್ಧ ಕಲಾಕೃತಿಗೆ ಬರುತ್ತೇನೆ. ಬರ್ಲಿನ್ನಿನ 1936ರ ಒಲಿಂಪಿಕ್ಸ್ ಕುರಿತು ಲೆನಿ ರೀಫೆನ್‌ಸ್ಟಾಲ್ ತೆಗೆದ ‘ಒಲಿಂಪಿಯಾ’, 1938ರಲ್ಲಿ ಹಿಟ್ಲರನ ಹುಟ್ಟುಹಬ್ಬದಂದು ತೆರೆಕಂಡಿತು. ಅದರ ಎರಡನೇ ಭಾಗದ ಕೊನೆಗೆ ಬರುವ ಡೈವಿಂಗ್ ದೃಶ್ಯವನ್ನು ಸಿನಿಮಾ ಪಾಠಗಳಲ್ಲಿ ಈಗಲೂ ತೋರಿಸುತ್ತಾರೆ. ಛಾಯಾಗ್ರಾಹಕ ಹಾನ್ಸ್ ಎರ್ಟ್ಲ್ ನೀರಿನ ಮೇಲೂ ಒಳಗೂ ಚಿತ್ರಿಸಬಲ್ಲ ಕ್ಯಾಮೆರಾ ತಯಾರಿಸಿಕೊಂಡಿದ್ದ. ಮೊದಮೊದಲು ಯಾರು, ಯಾವ ದೇಶ ಎಂಬ ವಿವರಗಳಿರುತ್ತವೆ. ಬರಬರುತ್ತಾ ಮಾತು ನಿಲ್ಲುತ್ತದೆ, ಹೆಸರು ಅಳಿಯುತ್ತದೆ, ನೀರೂ ಮಾಯವಾಗುತ್ತದೆ. ಮೋಡದ ಆಕಾಶದ ಎದುರು ಕಪ್ಪು ಆಕೃತಿಗಳು ಒಂದರ ಹಿಂದೊಂದು ತೇಲುತ್ತವೆ. ಬೀಳುವುದೇ ಇಲ್ಲ. ಕನ್ನಡದಲ್ಲಿ ಹಕ್ಕಿಗೂ ಮನುಷ್ಯನಿಗೂ ‘ಹಾರು’ ಎಂಬ ಒಂದೇ ಕ್ರಿಯಾಪದ ಇರುವುದರಿಂದ ಆ ದೃಶ್ಯವನ್ನು ನಾವು ಬೇಗ ಹಿಡಿಯುತ್ತೇವೆ: ಎರಡನೆಯ ಅರ್ಥದಲ್ಲಿ ಶುರುವಾದದ್ದನ್ನು ಅವಳು ಮೊದಲನೆಯ ಅರ್ಥಕ್ಕೆ ತಿರುಗಿಸಿದ್ದಾಳೆ.

ಚೆಲುವಾದ ದೃಶ್ಯ ಅದು. ಅಲ್ಲ ಎಂದವರ ಕಣ್ಣನ್ನು ನಾನು ನಂಬುವುದಿಲ್ಲ. ನಾಜಿ ಪ್ರಭುತ್ವದ ದುಡ್ಡಿನಲ್ಲಿ ಮಾಡಿದ್ದು ಎಂಬ ಕಾರಣಕ್ಕೇ ಅದನ್ನು ತಿರಸ್ಕರಿಸುವ ವಾದವೊಂದಿದೆ, ಕಲೆ ಬೇರೆ ರಾಜಕೀಯ ಬೇರೆ ಎಂಬ ವಾದವೂ ಇದೆ. ಎರಡೂ ಹಳೆಯವು, ಎರಡನ್ನೂ ಇಲ್ಲಿ ಮತ್ತೆ ನಡೆಸುವುದಿಲ್ಲ. ನನ್ನ ತಕರಾರು ಸಣ್ಣದು, ಕಸುಬಿಗೆ ಸಂಬಂಧಿಸಿದ್ದು. ಡೈವ್ ಎಂಬುದು ನೀರಿನಲ್ಲಿ ಮುಗಿಯುವ ಕೃತಿ. ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಸೆಕೆಂಡಿನಲ್ಲಿ ಮಾಡಿದ್ದೆಲ್ಲವೂ ನೀರನ್ನು ಸೀಳುವ ಆ ಒಂದು ಬಿಂದುವಿನಲ್ಲಿ ಸರಿಯೋ ತಪ್ಪೋ ಎಂದು ತೀರ್ಮಾನವಾಗುತ್ತದೆ. ನೀರನ್ನು ತೆಗೆದುಹಾಕಿದರೆ ಉಳಿಯುವುದು ತಪ್ಪಲು ಸಾಧ್ಯವೇ ಇಲ್ಲದ ದೇಹ. ತಪ್ಪಲು ಸಾಧ್ಯವಿಲ್ಲದ ದೇಹಕ್ಕೆ ಕೌಶಲವೂ ಬೇಕಿಲ್ಲ. ಅದು ದೇವತೆಯ ದೇಹ, ಇಲ್ಲವೇ ಯಂತ್ರದ್ದು. ಕಷ್ಟದ ಗುಣಕವನ್ನು ಆ ಚಿತ್ರ ಸಂಪಾದನೆಯ ಮೇಜಿನ ಮೇಲೆ ಕತ್ತರಿಸಿ ಎಸೆದಿದೆ.

ಅದೇ ಬರ್ಲಿನ್ನಿನಲ್ಲಿ ಹೆಂಗಸರ ಸ್ಪ್ರಿಂಗ್‌ಬೋರ್ಡ್ ಗೆದ್ದವಳು ಮಾರ್ಜರಿ ಗೆಸ್ಟ್ರಿಂಗ್. ವಯಸ್ಸು 13 ವರ್ಷ 268 ದಿನ. ವೈಯಕ್ತಿಕ ಸ್ಪರ್ಧೆಯಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅತಿ ಕಿರಿಯಳು ಎಂಬ ದಾಖಲೆ ಇವತ್ತಿಗೂ ಅವಳದೇ. ಆದರೆ ಡೈವಿಂಗ್ ಎಂದರೆ ಸಿನಿಮಾ ನೋಡಿದವರ ನೆನಪಿನಲ್ಲಿ ಉಳಿದಿರುವುದು ಆ ಹೆಸರಿಲ್ಲದ, ಬಹುಪಾಲು ಗಂಡಸರದೇ ಆದ ನೆರಳುಗಳು. ಗೆಸ್ಟ್ರಿಂಗ್‌ಗೆ ಮುಂದಿನ ಎರಡು ಒಲಿಂಪಿಕ್ಸ್ ಸಿಗಲಿಲ್ಲ. 1940, 1944 ಎರಡನ್ನೂ ಯುದ್ಧ ನುಂಗಿತು. 1948ಕ್ಕೆ ಮತ್ತೆ ಪ್ರಯತ್ನಿಸಿದಾಗ ತಂಡಕ್ಕೆ ಆಯ್ಕೆಯಾಗಲಿಲ್ಲ.

ನಿಧಾನಗತಿಯ ಚಿತ್ರೀಕರಣ ರೀಫೆನ್‌ಸ್ಟಾಲಳಿಂದ ಶುರುವಾದದ್ದಲ್ಲ ಎಂಬುದನ್ನೂ ಹೇಳಬೇಕು. ಇಪ್ಪತ್ತರ ದಶಕದ ಆರಂಭದಲ್ಲೇ ಕ್ರೀಡಾ ಬರಹಗಾರ ಗ್ರಾಂಟ್‌ಲ್ಯಾಂಡ್ ರೈಸ್‌ಗಾಗಿ ಐಲೀನ್ ರಿಗಿನ್ ನೀರಿನಡಿಯ ಚಿತ್ರದಲ್ಲೂ ನಿಧಾನಗತಿಯ ಚಿತ್ರದಲ್ಲೂ ಕಾಣಿಸಿಕೊಂಡಿದ್ದಳು. ಒಂದೇ ತಂತ್ರಕ್ಕೆ ಎರಡು ಬಳಕೆ. ಒಂದು, ಕಣ್ಣಿಗೆ ನಿಲುಕದ್ದನ್ನು ಬಿಡಿಸಿ ತೋರಿಸುವುದು. ಇನ್ನೊಂದು, ಬಿಡಿಸಲಾಗದ್ದು ಎಂದು ನಂಬಿಸುವುದು. ನಾನು ಮೊದಲನೆಯದರ ಪರ.

ಹೆಸರುಗಳ ವಿಷಯಕ್ಕೆ ಬಂದರೆ, ಈ ಪದಕಪಟ್ಟಿಯನ್ನು ಓದುವುದೇ ಒಂದು ಪತ್ತೇದಾರಿ ಕೆಲಸ. 1924ರಲ್ಲಿ ಪ್ಯಾರಿಸ್ಸಿನ ಸ್ಪ್ರಿಂಗ್‌ಬೋರ್ಡ್ ಗೆದ್ದ ಎಲಿಜಬೆತ್ ಬೆಕರ್, 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ಲಾಟ್‌ಫಾರ್ಮ್ ಗೆದ್ದಾಗ ಬೆಕರ್ ಪಿಂಕ್‌ಸ್ಟನ್ ಆಗಿದ್ದಾಳೆ, ನಡುವೆ ಅವಳಿ ಮಕ್ಕಳನ್ನು ಹೆತ್ತಿದ್ದಾಳೆ. 1928ರಲ್ಲಿ ಹದಿಮೂರು ವರ್ಷಕ್ಕೇ ಬೆಳ್ಳಿ ಗೆದ್ದ ಡೊರೊತಿ ಪಾಯಿಂಟನ್ 1936ರ ಹೊತ್ತಿಗೆ ಪಾಯಿಂಟನ್ ಹಿಲ್. ಇವು ಮದುವೆಯ ಬದಲಾವಣೆಗಳು, ಅರ್ಥವಾಗುತ್ತವೆ. ವಿಕಿ ಡ್ರೇವ್ಸ್‌ಳ ಹೆಸರಿನ ಕತೆ ಬೇರೆ. ತಂದೆ ಫಿಲಿಪ್ಪೀನ್ಸ್‌ನವರು, ತಾಯಿ ಇಂಗ್ಲೆಂಡಿನವರು, ಹುಟ್ಟು ಹೆಸರು ವಿಕ್ಟೋರಿಯಾ ಮನಾಲೊ. ಸ್ಯಾನ್ ಫ್ರಾನ್ಸಿಸ್ಕೊದ ಒಂದು ಈಜು ಕ್ಲಬ್ಬಿಗೆ ಸೇರಬೇಕಾದರೆ ಮನಾಲೊ ಎಂಬುದನ್ನು ಬಿಟ್ಟು ತಾಯಿಯ ಕಡೆಯ ಟೇಲರ್ ಎಂದು ಇಟ್ಟುಕೊಳ್ಳಬೇಕಾಯಿತು. 1948ರಲ್ಲಿ ಲಂಡನ್ನಿನಲ್ಲಿ ಆಕೆ ಸ್ಪ್ರಿಂಗ್‌ಬೋರ್ಡನ್ನೂ ಪ್ಲಾಟ್‌ಫಾರ್ಮನ್ನೂ ಗೆದ್ದಳು. ಒಂದೇ ಒಲಿಂಪಿಕ್ಸ್‌ನಲ್ಲಿ ಎರಡನ್ನೂ ಗೆದ್ದ ಮೊದಲ ಹೆಂಗಸು. ಪದಕ ಹತ್ತಿದ್ದು ಗಂಡನ ಹೆಸರಿಗೆ.

ಹೀಗೆ ಹೆಸರಿನ ಹಿಂದೆ ಬಿದ್ದಿದ್ದಾಗ ನನಗೆ ನಮ್ಮ ಕೊಡಗಿನ ಗೌರಮ್ಮ ನೆನಪಾದರು. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಸಹಿ ಹಾಕಿ ಕತೆ ಬರೆದವರು. ಹುಟ್ಟಿದ್ದು 1912ರಲ್ಲಿ, ಅಂದರೆ ಸ್ಟಾಕ್‌ಹೋಮಿನ ವರ್ಷದಲ್ಲಿ. ವಯಸ್ಸಿನಲ್ಲಿ ರಿಗಿನ್‌ಗಿಂತ ಆರು ವರ್ಷ ಚಿಕ್ಕವರು. ಗೌರಮ್ಮ ಈಜುತ್ತಿದ್ದರು. 1939ರ ಏಪ್ರಿಲ್‌ನಲ್ಲಿ ಈಜುವಾಗಲೇ ಸುಳಿಗೆ ಸಿಕ್ಕಿ ತೀರಿಕೊಂಡರು. ವಯಸ್ಸು ಇಪ್ಪತ್ತೇಳು.

ಅವರ ಬಗ್ಗೆ ತರಗತಿಗಳಲ್ಲಿ ಮಾತು ಬಂದಾಗ ಎರಡನೆಯ ಸಂಗತಿ ಮೊದಲು ಬರುತ್ತದೆ. ಅಕಾಲ ಮೃತ್ಯು, ಬಾಡಿದ ಮೊಗ್ಗು, ವಿಧಿಯ ಕ್ರೌರ್ಯ. ಸುಳಿ ಒಂದು ರೂಪಕವಾಗಿ ಕತೆಗಳ ಮೇಲೂ ಹರಡಿಕೊಳ್ಳುತ್ತದೆ, ವಿಧವೆಯರ, ಮೋಸಹೋದವರ ಕತೆಗಳಿಗೆ ಬರೆದವಳ ಸಾವು ಹಿನ್ನೆಲೆ ಸಂಗೀತವಾಗುತ್ತದೆ. ಈಜು ಮಾತ್ರ ರೂಪಕವಾಗುವುದಿಲ್ಲ. ಮೂವತ್ತರ ದಶಕದ ಕೊಡಗಿನಲ್ಲಿ, ಕಾಫಿ ತೋಟದ ಮನೆಯೊಂದರ ಸೊಸೆ, ಸೀರೆಯ ಲೋಕದಿಂದ ಎದ್ದು ಹೋಗಿ ಹೊಳೆಗೆ ಇಳಿದು ಈಜುವುದು ಎಂದರೆ ಅದೊಂದು ಕಲಿತ ವಿದ್ಯೆ. ಕಲಿಯುವುದಕ್ಕೆ ತಪ್ಪಿರಬೇಕು, ನೀರು ಕುಡಿದಿರಬೇಕು, ಯಾರದೋ ಹುಬ್ಬು ಗಂಟಿಕ್ಕಿದ್ದನ್ನು ಕಂಡೂ ಕಾಣದಂತೆ ನಡೆದಿರಬೇಕು. ಆ ಕತೆಗಳ ನಿರೂಪಣೆಯಲ್ಲಿ ಇರುವ ನೇರತನವನ್ನು, ಅನಗತ್ಯವಾಗಿ ಕೈಕಾಲು ಬಡಿಯದ ಗುಣವನ್ನು, ಮುಳುಗಿದವಳ ಕಡೆಯಿಂದ ಓದಿದ್ದು ಸಾಕು, ಈಜಿದವಳ ಕಡೆಯಿಂದ ಓದಿದರೆ ಏನು ಸಿಗುತ್ತದೆ ಎಂದು ಯಾರಾದರೂ ವಿದ್ಯಾರ್ಥಿ ಪ್ರಯತ್ನಿಸಬೇಕು. ಈಜು ಗೊತ್ತಿದ್ದವರನ್ನೂ ಸುಳಿ ಎಳೆದೊಯ್ಯುತ್ತದೆ. ಅದು ಅಪಘಾತ. ನಾವು ಅದನ್ನು ಭಾಗೀರಥಿಯ ಪಕ್ಕದಲ್ಲಿ ಕೂರಿಸಿದೆವು.

ರಿಗಿನ್ ಬದುಕಿದ್ದು ತೊಂಬತ್ತಾರು ವರ್ಷ. ನೀರಿನ ಜೊತೆಗಿನ ತಮ್ಮ ಕತೆಯನ್ನು ತಾವೇ ಹೇಳುವಷ್ಟು ಕಾಲ ಅವರಿಗೆ ಸಿಕ್ಕಿತು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಪ್ರಿಂಗ್‌ಬೋರ್ಡಿನ ಬೆಳ್ಳಿಯನ್ನೂ ನೂರು ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಕಂಚನ್ನೂ ಗೆದ್ದು, ಡೈವಿಂಗ್ ಮತ್ತು ಈಜು ಎರಡರಲ್ಲೂ ಒಂದೇ ಒಲಿಂಪಿಕ್ಸ್‌ನಲ್ಲಿ ಪದಕ ಪಡೆದ ಮೊದಲ ಹೆಂಗಸಾದರು. ಆಮೇಲೆ ಪ್ರದರ್ಶನಗಳು, ಹಾಲಿವುಡ್ಡಿನ ಸಣ್ಣಪುಟ್ಟ ಪಾತ್ರಗಳು, ಪತ್ರಿಕೆಗಳಿಗೆ ಬರಹ. ಎಂಬತ್ತೈದು ದಾಟಿದ ಮೇಲೂ ಹಿರಿಯರ ಈಜು ಸ್ಪರ್ಧೆಗಳಲ್ಲಿ ತಮ್ಮ ವಯೋವರ್ಗದ ವಿಶ್ವದಾಖಲೆಗಳನ್ನು ಬರೆದರು. 2002ರಲ್ಲಿ ಹೊನೊಲುಲುವಿನಲ್ಲಿ ತೀರಿಕೊಂಡರು. ಲಾಸ್ ಏಂಜಲಿಸಿನ ಕ್ರೀಡಾ ಪ್ರತಿಷ್ಠಾನವೊಂದು ಹಳೆಯ ಒಲಿಂಪಿಕ್ ಸ್ಪರ್ಧಿಗಳ ಮಾತುಗಳನ್ನು ಧ್ವನಿಮುದ್ರಿಸಿ ಬರಹಕ್ಕಿಳಿಸಿದ್ದರಲ್ಲಿ ಅವರ ಸಂದರ್ಶನವೂ ಇದೆ. ಈ ಎಲ್ಲ ಸಾಮಗ್ರಿಯಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ. ಸಾಹಿತ್ಯ ಎಂದು ಬರೆದದ್ದಲ್ಲ ಅದು. ಪ್ರಶ್ನೆ ಕೇಳಿದರು, ಉತ್ತರ ಹೇಳಿದರು. ಆದರೆ ‘ಒಲಿಂಪಿಯಾ’ ಬಿಟ್ಟದ್ದೆಲ್ಲ ಅದರಲ್ಲಿದೆ.

ಮನಿಲಾ ಕೊಲ್ಲಿಯ ನೀರಿನಲ್ಲಿ, ಆರನೇ ವಯಸ್ಸಿನಲ್ಲಿ ಈಜು ಕಲಿತದ್ದು ಅದರಲ್ಲಿದೆ. ತಂದೆ ಅಮೆರಿಕದ ನೌಕಾಪಡೆಯವರು, ಅವರ ಕೆಲಸವಿದ್ದದ್ದು ಅಲ್ಲಿ. ಹಡಗಿನ ವಿವರಗಳಿವೆ, ಅಧಿಕಾರಿಗಳ ಮೇಲಿನ ಮುನಿಸು ಎಪ್ಪತ್ತು ವರ್ಷದ ಮೇಲೂ ಆರಿಲ್ಲ. ಗೆದ್ದ ಕ್ಷಣದ ವರ್ಣನೆ ಮಾತ್ರ ಅಷ್ಟಕ್ಕಷ್ಟೇ. ಆ ಜಾಗದಲ್ಲಿ ತುಂಬಿಕೊಂಡಿರುವುದು ನೀರು. ಆಂಟ್‌ವರ್ಪಿನಲ್ಲಿ ಈಜುಕೊಳ ಎಂದು ಕೊಟ್ಟದ್ದು ಹಳೆಯ ಕೋಟೆಯ ಕಂದಕದ ಒಂದು ತುಂಡು. ಮರದ ಕಟ್ಟೆ ಹಾಕಿ, ಹಲಗೆ ನಿಲ್ಲಿಸಿ ಸಜ್ಜು ಮಾಡಿದ್ದರು. ನೀರು ಕೊರೆಯುತ್ತಿತ್ತು, ಕಪ್ಪಗಿತ್ತು. ಐದಡಿಯೂ ಇಲ್ಲದ ಆ ಹುಡುಗಿಗೆ ಎದುರಾಳಿಗಳ ಭಯವಿರಲಿಲ್ಲ, ಎತ್ತರದ್ದೂ ಇರಲಿಲ್ಲ. ಭಯವಿದ್ದದ್ದು ತಳದ ಕೆಸರಿನದು. ತಲೆಕೆಳಗಾಗಿ ಹೋದವಳು ಅದರಲ್ಲಿ ಸಿಕ್ಕಿಕೊಂಡರೆ? ಅಷ್ಟು ಕಪ್ಪು ನೀರಿನಲ್ಲಿ ಮೇಲಿದ್ದವರಿಗೆ ಕಾಣುವುದೂ ಇಲ್ಲ.

ಈ ಭಯವನ್ನು ಯಾವ ಅಂಕಪಟ್ಟಿಯೂ ದಾಖಲಿಸಿಲ್ಲ. ತೀರ್ಪುಗಾರರ ಕೆಲಸ ನೀರಿನ ಮೇಲ್ಮೈಯಲ್ಲಿ ಮುಗಿಯುತ್ತದೆ. ಎಷ್ಟು ಚಿಮ್ಮಿತು, ಕಾಲ್ಬೆರಳು ನೆಟ್ಟಗಿತ್ತೋ ಇಲ್ಲವೋ ನೋಡಿ ಅವರು ಕಾಗದದತ್ತ ಬಗ್ಗುತ್ತಾರೆ. ಅವಳ ಡೈವ್ ಇನ್ನೂ ಮುಗಿದಿರುವುದಿಲ್ಲ. ಅವಳು ಕಪ್ಪಿನೊಳಗೆ ಇಳಿಯುತ್ತಲೇ ಇರುತ್ತಾಳೆ, ಕೈಯನ್ನು ಮೇಲಕ್ಕೆ ತಿರುಗಿಸಿ, ಬೆನ್ನು ಬಾಗಿಸಿ, ಕೆಸರಿಗೆ ಒಂದಿಷ್ಟು ಮೊದಲು ದಿಕ್ಕು ಬದಲಿಸಿ ಮೇಲೆ ಬರಬೇಕು. ಬಂದಳು. ಕಟ್ಟೆ ಹಿಡಿದು ಹತ್ತಿ, ಮೈ ಒರೆಸಿಕೊಂಡು, ಮುಂದಿನ ಡೈವ್‌ಗೆ ಸರದಿಯಲ್ಲಿ ನಿಂತಳು.